ಕೂಗಿದ್ದು ಯಾರು: ಕೋತಿಗಳು ದನಿ ಗುರುತಿಸುವ ಬಗೆ

ಕೋತಿಯ ಪ್ರತಿ ಕೂಗಿನಲ್ಲೂ ಎರಡು ಸುದ್ದಿಗಳಿರುತ್ತವೆ. ಏನಾಯಿತು ಎಂಬುದು ಒಂದು, ಕೂಗಿದ್ದು ಯಾರು ಎಂಬುದು ಇನ್ನೊಂದು. ಚಿರತೆ ಕಂಡಿತು, ಹಣ್ಣು ಸಿಕ್ಕಿತು, ಯಾರೋ ಕಚ್ಚಿದರು, ಮರಿ ಹಿಂದೆ ಬಿತ್ತು ಎಂಬಂಥವು ಮೊದಲನೆಯ ಬಗೆಯವು. ಆ ಕೂಗು ತಾಯಿಯದೋ ತಂಗಿಯದೋ, ಗುಂಪಿನ ಹಿರಿಯ ಗಂಡಿನದೋ, ಪಕ್ಕದ ಗುಂಪಿನದೋ, ಹಿಂದೆಂದೂ ಕೇಳಿರದ ಹೊರಗಿನದೋ ಎಂಬುದು ಎರಡನೆಯದು. ಎಲೆಗಳ ಮರೆಯಲ್ಲಿ, ಬಂಡೆಗಳ ಸಂದಿಯಲ್ಲಿ ಚದುರಿಕೊಂಡು ಮೇಯುವ ಪ್ರಾಣಿಗೆ ಎರಡನೆಯದು ತಿಳಿಯದಿದ್ದರೆ ಮೊದಲನೆಯದು ತಿಳಿದೂ ಹೆಚ್ಚು ಲಾಭವಿಲ್ಲ. ಕಿರುಚಿದ್ದು ತನ್ನ ಮರಿಯಾದರೆ ಓಡಬೇಕು. ಬೇರೆಯವರ ಮರಿಯಾದರೆ ಕುಳಿತಲ್ಲೇ ಕುಳಿತಿದ್ದರೂ ನಡೆಯುತ್ತದೆ. ಆದ್ದರಿಂದ ಕೋತಿಗಳು ಮುಖ ಕಾಣದಿದ್ದರೂ ದನಿಯಿಂದಲೇ ಆಳನ್ನು ಗುರುತಿಸುತ್ತವೆ. ಕಳೆದ ನಲವತ್ತೈದು ವರ್ಷಗಳ ಪ್ರಯೋಗಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ.

ಮೈಸೂರಿನ ಕೋತಿ

ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ, ನಂದಿಯ ಸುತ್ತ, ದೇವಸ್ಥಾನದ ಅಂಗಡಿಸಾಲಿನಲ್ಲಿ ಕಾಣುವುದು ಬಾನೆಟ್ ಮಕಾಕ್ ಜಾತಿಯ ಕೋತಿ. ನೆತ್ತಿಯ ನಡುವೆ ಬೈತಲೆ ತೆಗೆದಂತೆ ಕೂದಲು ಸುತ್ತಲೂ ಹರಡಿ ಟೋಪಿಯಂತೆ ಕಾಣುವುದರಿಂದ ಈ ಹೆಸರು. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಜಾತಿ ಸಹಜವಾಗಿ ನೆಲೆಸಿಲ್ಲ. ಉತ್ತರ ಭಾರತದ ಊರುಗಳಲ್ಲಿ ಕಾಣುವ ಕೆಂಪು ಮೋರೆಯ ರೀಸಸ್ ಕೋತಿ ಮತ್ತು ಪಶ್ಚಿಮ ಘಟ್ಟದ ಸಿಂಗಳೀಕ ಇದರ ಹತ್ತಿರದ ಬಂಧುಗಳು. ಮೂರೂ ಮಕಾಕ್ ಕುಲಕ್ಕೆ ಸೇರಿದವು. ಉದ್ದ ಬಾಲದ, ಕಪ್ಪು ಮೋರೆಯ ಮುಸುವ ಬೇರೆ ಕುಲದ್ದು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಪ್ರಾಣಿಗಳ ಅಧ್ಯಯನಕ್ಕೆ ದೀರ್ಘ ಪರಂಪರೆಯಿದೆ. ಮಾನಸಗಂಗೋತ್ರಿಯಲ್ಲಿ ಮೇವಾ ಸಿಂಗ್ ಮತ್ತು ಅವರ ಶಿಷ್ಯರು ಬಾನೆಟ್ ಮಕಾಕ್ ಹಾಗೂ ಸಿಂಗಳೀಕಗಳ ಸಾಮಾಜಿಕ ಬದುಕನ್ನು ದಶಕಗಳ ಕಾಲ ಗಮನಿಸಿದ್ದಾರೆ. ದನಿ ಗುರುತಿಸುವ ಶಕ್ತಿ ಏಕೆ ಬೇಕಾಯಿತು ಎಂಬುದಕ್ಕೆ ಆ ಸಾಮಾಜಿಕ ಬದುಕಿನಲ್ಲೇ ಉತ್ತರವಿದೆ.

ಮಕಾಕ್ ಗುಂಪಿನಲ್ಲಿ ಹೆಣ್ಣುಗಳು ಹುಟ್ಟಿದ ಗುಂಪನ್ನು ಬಿಟ್ಟು ಹೋಗುವುದಿಲ್ಲ. ಅಜ್ಜಿ, ತಾಯಿ, ಮಗಳು, ಮೊಮ್ಮಗಳು, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಒಂದೇ ಮರದಲ್ಲಿ ಮಲಗಿ ಒಂದೇ ಮರದಲ್ಲಿ ಮೇಯುತ್ತಾರೆ. ಪ್ರಾಯಕ್ಕೆ ಬಂದ ಗಂಡುಗಳು ಗುಂಪು ಬದಲಿಸುವುದುಂಟು. ಗುಂಪಿನೊಳಗೆ ಮೇಲು ಕೀಳಿನ ಶ್ರೇಣಿ ಇರುತ್ತದೆ. ಜಗಳದಲ್ಲಿ ತಾಯಿಯ ಬಳಗ ಒಟ್ಟಾಗುತ್ತದೆ. ಒಂದು ಕೋತಿ ಇಂಥ ಒಟ್ಟು ಕುಟುಂಬದಲ್ಲಿ ಬದುಕಬೇಕಾದರೆ ಹತ್ತಿಪ್ಪತ್ತು ಮುಖಗಳ ಜೊತೆಗೆ ಅಷ್ಟೇ ದನಿಗಳನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಗಂಟಲಿನ ಗುರುತು

ಒಂದೇ ಜಾತಿಯ ಎರಡು ಕೋತಿಗಳು ಒಂದೇ ಬಗೆಯ ಕೂಗು ಹಾಕಿದರೂ ಅವು ಬೇರೆ ಬೇರೆಯಾಗಿ ಕೇಳಿಸುವುದೇಕೆ? ಮನುಷ್ಯರ ದನಿಗೆ ಹೇಳುವ ಕಾರಣವೇ ಇಲ್ಲಿಗೂ ಹೊಂದುತ್ತದೆ. ಶ್ವಾಸಕೋಶದಿಂದ ಬಂದ ಗಾಳಿ ಧ್ವನಿಪೆಟ್ಟಿಗೆಯಲ್ಲಿರುವ ತೆಳು ಮಡಿಕೆಗಳನ್ನು ಅದುರಿಸುತ್ತದೆ. ಆ ಅದುರಿಕೆಯ ವೇಗಕ್ಕೆ ತಕ್ಕಂತೆ ದನಿ ತಗ್ಗಾಗಿಯೋ ಏರಾಗಿಯೋ ಇರುತ್ತದೆ. ಅಲ್ಲಿಂದ ಹೊರಟ ನಾದ ಗಂಟಲು, ಬಾಯಿ, ಮೂಗುಗಳ ಪೊಳ್ಳಿನ ಮೂಲಕ ಹಾದು ಬರುವಾಗ ಕೆಲವು ಸ್ವರಾಂಶಗಳು ಬಲಗೊಳ್ಳುತ್ತವೆ, ಕೆಲವು ಕುಗ್ಗುತ್ತವೆ. ಒಂದೇ ಉಸಿರಿನಲ್ಲಿ ಊದಿದರೂ ಕೊಳಲಿನ ದನಿ ಬೇರೆ, ನಾಗಸ್ವರದ ದನಿ ಬೇರೆ ಆಗುವುದರಲ್ಲಿ ಕೊಳವೆಯ ಆಕಾರಕ್ಕೂ ಪಾಲಿದೆ. ಹಾಗೆಯೇ ಒಂದೊಂದು ಗಂಟಲಿನ ಉದ್ದ, ಅಗಲ, ಬಾಗುಗಳು ದನಿಗೆ ತಮ್ಮ ಮುದ್ರೆ ಒತ್ತುತ್ತವೆ. ಹೀಗೆ ಬಲಗೊಂಡ ಸ್ವರಾಂಶಗಳ ಪಟ್ಟಿಗಳಿಗೆ ಧ್ವನಿವಿಜ್ಞಾನಿಗಳು ಫಾರ್ಮಂಟ್ ಎನ್ನುತ್ತಾರೆ.

ಈ ಪಟ್ಟಿಗಳನ್ನು ಕಣ್ಣಿಗೆ ಕಾಣಿಸುವ ಸಾಧನ ಸ್ಪೆಕ್ಟ್ರೊಗ್ರಾಮ್. ಕಾಲ ಎಡದಿಂದ ಬಲಕ್ಕೆ, ಸ್ವರದ ಎತ್ತರ ಕೆಳಗಿನಿಂದ ಮೇಲಕ್ಕೆ, ನಾದದ ಬಲ ಕಪ್ಪಿನ ದಟ್ಟಣೆಯಲ್ಲಿ, ಹೀಗೆ ದನಿ ಒಂದು ಚಿತ್ರವಾಗುತ್ತದೆ. ಮಾನಸಗಂಗೋತ್ರಿಯಲ್ಲೇ ಇರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಮನುಷ್ಯರ ಮಾತನ್ನು ಪರೀಕ್ಷಿಸಲು ಬಳಸುವ ವಿಧಾನವೂ ಇದೇ. ಕೋತಿಯ ಕೂಗನ್ನು ಹೀಗೆ ಚಿತ್ರವಾಗಿಸಿದರೆ ಒಂದೇ ಪ್ರಾಣಿಯ ಹತ್ತು ಕೂಗುಗಳು ಒಂದಕ್ಕೊಂದು ಹೋಲುವುದೂ, ಪಕ್ಕದ ಪ್ರಾಣಿಯ ಕೂಗುಗಳು ಬೇರೆಯಾಗಿ ನಿಲ್ಲುವುದೂ ಎದ್ದು ಕಾಣುತ್ತದೆ.

ಎಲ್ಲ ಕೂಗುಗಳೂ ಆಳಿನ ಗುರುತನ್ನು ಒಂದೇ ಸಮನಾಗಿ ಹೊತ್ತಿರುವುದಿಲ್ಲ. ಮಕಾಕ್‌ಗಳು ಮೇಯುವಾಗ ಒಬ್ಬರಿಗೊಬ್ಬರು ತಾವಿರುವ ಜಾಗ ತಿಳಿಸಲು ‘ಕೂ’ ಎಂದು ಎಳೆಯುವ ಇಂಪಾದ ದನಿ ಹೊರಡಿಸುತ್ತವೆ. ಹತ್ತಿರ ಬಂದಾಗ ಗುರುಗುಡುತ್ತವೆ, ಕಚ್ಚಿಸಿಕೊಂಡಾಗ ಕಿರುಚುತ್ತವೆ. ಡ್ರೂ ರೆಂಡಲ್ ಮತ್ತು ಸಂಗಡಿಗರು 1998ರಲ್ಲಿ ರೀಸಸ್ ಕೋತಿಗಳ ಈ ಮೂರು ಬಗೆಯ ಕೂಗುಗಳನ್ನು ಅಳೆದು ನೋಡಿದಾಗ, ‘ಕೂ’ ದನಿಯಲ್ಲಿ ಆಳಿನ ಗುರುತು ಅತಿ ಸ್ಪಷ್ಟವಾಗಿತ್ತು, ಗುರುಗುಡುವಿಕೆಯಲ್ಲಿ ಅದಕ್ಕಿಂತ ಕಡಿಮೆ ಇತ್ತು. ಕರ್ಕಶ ಕಿರುಚಾಟದಲ್ಲಿ ಬಹಳ ಮಸುಕಾಗಿತ್ತು. ಕಾರಣ ಸರಳ. ಇಂಪಾದ ದನಿಯಲ್ಲಿ ಸ್ವರಾಂಶಗಳು ಏಣಿಯ ಮೆಟ್ಟಿಲಿನಂತೆ ಬಿಡಿಬಿಡಿಯಾಗಿ ನಿಂತಿರುತ್ತವೆ. ಅವುಗಳ ಮೇಲೆ ಗಂಟಲಿನ ಮುದ್ರೆ ಚೆನ್ನಾಗಿ ಮೂಡುತ್ತದೆ. ಕಿರುಚಿದಾಗ ಆ ಮೆಟ್ಟಿಲುಗಳೆಲ್ಲ ಕಲಸಿ ಗದ್ದಲವಾಗುತ್ತದೆ. ‘ನಾನಿಲ್ಲಿದ್ದೇನೆ’ ಎಂದು ಹೇಳುವ ಕೂಗಿನಲ್ಲಿ ಆ ‘ನಾನು’ ಯಾರೆಂದು ತಿಳಿಯಲೇಬೇಕಲ್ಲ!

ದೇಹದ ಗಾತ್ರವೂ ದನಿಯಲ್ಲಿ ಅಡಗಿರುತ್ತದೆ. ದೊಡ್ಡ ಮೈಯ ಪ್ರಾಣಿಗೆ ಗಂಟಲಿನ ಕೊಳವೆ ಉದ್ದ. ಕೊಳವೆ ಉದ್ದವಾದಷ್ಟೂ ಫಾರ್ಮಂಟ್‌ಗಳು ಕೆಳಗಿಳಿದು ಒತ್ತೊತ್ತಾಗಿ ಕೂರುತ್ತವೆ. ಟೆಕುಮ್ಸೆ ಫಿಚ್ 1997ರಲ್ಲಿ ರೀಸಸ್ ಕೋತಿಗಳಲ್ಲಿ ಈ ಸಂಬಂಧವನ್ನು ಅಳೆದು ತೋರಿಸಿದರು. ಹಾಗಾಗಿ ಪೂರಾ ಅಪರಿಚಿತ ದನಿಯಿಂದಲೂ ಕೋತಿ ಒಂದಿಷ್ಟು ವಿಷಯ ತಿಳಿಯಬಲ್ಲದು. ಯಾರೆಂದು ಗೊತ್ತಾಗದಿದ್ದರೂ ದೊಡ್ಡದೋ ಚಿಕ್ಕದೋ ಎಂದು ಗೊತ್ತಾಗುತ್ತದೆ. ಕಿವಿಯ ಹರವೂ ದೊಡ್ಡದು. ಮನುಷ್ಯರಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ನಾದ ಕೇಳಿಸಿದರೆ ಮಕಾಕ್‌ಗಳಿಗೆ ಸುಮಾರು 40 ಕಿಲೋಹರ್ಟ್ಸ್‌ವರೆಗೂ ಕೇಳಿಸುತ್ತದೆ.

ಪೊದೆಯೊಳಗಿನ ಧ್ವನಿವರ್ಧಕ

ದನಿಯಲ್ಲಿ ಗುರುತು ಇದೆ ಎಂದು ಯಂತ್ರ ಹೇಳಿದ ಮಾತ್ರಕ್ಕೆ ಕೋತಿ ಅದನ್ನು ಬಳಸುತ್ತದೆ ಎಂದಾಗುವುದಿಲ್ಲ. ಕೋತಿಯನ್ನೇ ಕೇಳಬೇಕು. ಮಾತು ಬಾರದ ಪ್ರಾಣಿಯನ್ನು ಕೇಳುವ ಉಪಾಯವೆಂದರೆ ಮುದ್ರಿಸಿಕೊಂಡ ಕೂಗನ್ನು ಮತ್ತೆ ಕೇಳಿಸುವ ಪ್ರಯೋಗ.

ಸಂಶೋಧಕರು ಮೊದಲು ಗುಂಪಿನ ಒಂದೊಂದು ಪ್ರಾಣಿಯನ್ನೂ ಕಿವಿಯ ಹರಕು, ಮೂಗಿನ ಗಾಯ, ಬಾಲದ ಗಂಟು ನೋಡಿ ಗುರುತು ಹಿಡಿಯಲು ಕಲಿಯುತ್ತಾರೆ. ತಿಂಗಳುಗಟ್ಟಲೆ ಹಿಂದೆ ತಿರುಗಿ ಪ್ರತಿಯೊಂದರ ಕೂಗನ್ನೂ ಮುದ್ರಿಸುತ್ತಾರೆ. ಆಮೇಲೆ ಕಾಯುವ ಕೆಲಸ. ಕೂಗಿನ ಒಡೆಯ ಕಣ್ಣಿಗೆ ಕಾಣದಷ್ಟು ದೂರ ಹೋಗಿರಬೇಕು, ಆದರೆ ಪೊದೆಯ ಆ ಬದಿಯಲ್ಲಿ ಇರಬಹುದು ಎನ್ನಿಸುವಷ್ಟು ಹತ್ತಿರವೂ ಇರಬೇಕು. ಗುಂಪು ನೆಮ್ಮದಿಯಾಗಿ ಹೇನು ನೋಡುತ್ತಲೋ ಮೇಯುತ್ತಲೋ ಇರಬೇಕು. ಎಲ್ಲ ಕೂಡಿಬಂದಾಗ ಪೊದೆಯಲ್ಲಿ ಅಡಗಿಸಿಟ್ಟ ಧ್ವನಿವರ್ಧಕದಿಂದ ಒಂದೇ ಒಂದು ಕೂಗು ಹೊರಡುತ್ತದೆ. ಇನ್ನೊಂದು ಬದಿಯಲ್ಲಿ ಕ್ಯಾಮೆರಾ ಓಡುತ್ತಿರುತ್ತದೆ. ಆಲಿಸಿದ ಪ್ರಾಣಿ ಎಷ್ಟು ಬೇಗ ತಲೆ ತಿರುಗಿಸಿತು, ಎಷ್ಟು ಸೆಕೆಂಡು ಆ ಕಡೆ ನೋಡಿತು, ಎದ್ದು ಹೋಯಿತೇ, ಮರುದನಿ ಕೊಟ್ಟಿತೇ ಎಂಬುದನ್ನು ನಂತರ ಚಿತ್ರ ನಿಲ್ಲಿಸಿ ನಿಲ್ಲಿಸಿ ಎಣಿಸುತ್ತಾರೆ. ಒಂದು ದಿನ ಒಂದು ಕೂಗಿಗಿಂತ ಹೆಚ್ಚು ಕೇಳಿಸಿದರೆ ಕೋತಿಗೆ ಮೋಸ ತಿಳಿದುಬಿಡುವ ಭಯ. ಒಂದು ಪ್ರಬಂಧಕ್ಕೆ ಬೇಕಾದ ಕೆಲವು ಡಜನ್ ಪ್ರಯೋಗಗಳಿಗೆ ವರ್ಷಗಳು ಹಿಡಿಯುವುದು ಇದರಿಂದಲೇ.

ತಾಯಿ, ಮರಿ, ಬಳಗ

ಈ ವಿಧಾನದ ಹೆಸರಾಂತ ಪ್ರಯೋಗ 1980ರಲ್ಲಿ ಪ್ರಕಟವಾಯಿತು. ಡೊರೊತಿ ಚೆನಿ ಮತ್ತು ರಾಬರ್ಟ್ ಸೈಫರ್ತ್ ದಂಪತಿ ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್ ಕೋತಿಗಳನ್ನು ಗಮನಿಸುತ್ತಿದ್ದರು. ಹತ್ತಿರ ಹತ್ತಿರ ಕುಳಿತ ಮೂರು ಹೆಣ್ಣುಗಳಿಗೆ ಅವರು ಒಂದು ಮರಿಯ ಕಿರುಚಾಟ ಕೇಳಿಸಿದರು. ಮೂವರಲ್ಲಿ ಒಬ್ಬಳು ಆ ಮರಿಯ ತಾಯಿ. ಅವಳು ಉಳಿದಿಬ್ಬರಿಗಿಂತ ಹೆಚ್ಚು ಹೊತ್ತು ಧ್ವನಿವರ್ಧಕದ ಕಡೆ ನೋಡಿದಳು, ಎದ್ದು ಆ ಕಡೆ ಹೋಗುವುದೂ ಅವಳೇ ಹೆಚ್ಚು. ತಾಯಿ ಮಗುವಿನ ದನಿ ಗುರುತಿಸುತ್ತಾಳೆ ಎಂಬುದು ಇಷ್ಟರಿಂದಲೇ ಸಿದ್ಧವಾಯಿತು. ಆದರೆ ಉಳಿದ ಇಬ್ಬರು ಮಾಡಿದ್ದು ಯಾರೂ ಎಣಿಸದ ಕೆಲಸ. ಅವರು ತಿರುಗಿ ತಾಯಿಯ ಮುಖ ನೋಡಿದರು. ಅವರಿಗೆ ಕಿರುಚಿದ್ದು ಯಾರ ಮರಿ ಎಂಬುದೂ ಗೊತ್ತಿತ್ತು. ಒಂದು ದನಿಯಿಂದ ಒಂದು ಮರಿ, ಆ ಮರಿಯಿಂದ ಅದರ ತಾಯಿ, ಹೀಗೆ ಅವರ ತಲೆಯಲ್ಲಿ ಕೊಂಡಿ ಕೂಡಿತ್ತು.

ಮರಿಗಳೂ ತಾಯಿಯ ದನಿ ಬಲ್ಲವು, ಅದೂ ಬಹಳ ಬೇಗ. ಯೂಲಿಯಾ ಫಿಷರ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಉತ್ತರ ಆಫ್ರಿಕ ಮೂಲದ ಬಾರ್ಬರಿ ಮಕಾಕ್‌ಗಳ ಮರಿಗಳು ಹತ್ತು ವಾರದ ವಯಸ್ಸಿಗೇ ಬೇರೆ ಹೆಣ್ಣುಗಳ ಕಿರುಚಿಗಿಂತ ತಾಯಿಯ ಕಿರುಚಿಗೆ ಹೆಚ್ಚು ಗಮನ ಕೊಟ್ಟವು. ಆ ವಯಸ್ಸಿನಲ್ಲಿ ಮರಿ ತಾಯಿಯ ಹೊಟ್ಟೆ ಬಿಟ್ಟು ಒಂದಿಷ್ಟು ದೂರ ಹೋಗಿ ಆಡತೊಡಗಿರುತ್ತದೆ. ದನಿಯ ಗುರುತು ಮರಿಗೆ ಬೇಕಾಗುವ ಕಾಲವೂ ಅದೇ.

ತಾಯಿ ಮರಿಯ ನಂಟಿನಾಚೆಗೆ ಬಳಗವಿದೆ. ಕೆರಿಬಿಯನ್ ಸಮುದ್ರದಲ್ಲಿ ಪೋರ್ಟೊರಿಕೊ ತೀರಕ್ಕೆ ಹತ್ತಿರದ ಕಾಯೊ ಸಾಂಟಿಯಾಗೊ ಎಂಬ ಪುಟ್ಟ ದ್ವೀಪದಲ್ಲಿ ರೀಸಸ್ ಕೋತಿಗಳಿವೆ. ಅವು ಭಾರತದವು. 1938ರಲ್ಲಿ ಇಲ್ಲಿಂದ ಹಡಗಿನಲ್ಲಿ ಒಯ್ದ ಸುಮಾರು 400 ಕೋತಿಗಳ ಸಂತತಿ ಅದು. ಅಲ್ಲಿ ಪ್ರತಿ ಪ್ರಾಣಿಯ ತಾಯಿಯ ವಂಶಾವಳಿ ದಾಖಲೆಯಲ್ಲಿದೆ. ರೆಂಡಲ್ ಮತ್ತು ಸಂಗಡಿಗರು 1996ರಲ್ಲಿ ಅಲ್ಲಿನ ಹೆಣ್ಣುಗಳಿಗೆ ‘ಕೂ’ ದನಿಗಳನ್ನು ಕೇಳಿಸಿದರು. ಕೆಲವು ತಾಯಿಯ ಕಡೆಯ ನಂಟರವು, ಕೆಲವು ಅದೇ ಗುಂಪಿನ, ಚೆನ್ನಾಗಿ ಪರಿಚಯವಿದ್ದೂ ನಂಟಲ್ಲದವರವು. ಎರಡೂ ಪರಿಚಿತ ದನಿಗಳೇ. ಆದರೂ ನಂಟರ ದನಿಗೆ ಹೆಣ್ಣುಗಳು ಬೇಗ ತಿರುಗಿದವು, ಹೆಚ್ಚು ಹೊತ್ತು ಕಿವಿಗೊಟ್ಟವು.

ಇಲ್ಲೊಂದು ಸಂಶಯ ಬರುತ್ತದೆ. ಕೋತಿ ಗುರುತಿಸುವುದು ‘ನಮ್ಮ ಬಳಗದ ದನಿ’ ಎಂದಷ್ಟೆಯೋ, ‘ನನ್ನ ಅಕ್ಕನ ದನಿ’ ಎಂದು ಬಿಡಿಸಿಯೋ? ಅದನ್ನು ತಿಳಿಯಲು ಅವರು ಬೇಸರ ಹುಟ್ಟಿಸುವ ಉಪಾಯ ಹೂಡಿದರು. ನಂಟರಲ್ಲಿ ಒಬ್ಬಳ ‘ಕೂ’ ದನಿಗಳನ್ನು, ಆಲಿಸುವವಳು ತಲೆ ತಿರುಗಿಸುವುದನ್ನೇ ಬಿಡುವವರೆಗೆ, ಒಂದಾದ ಮೇಲೊಂದು ಕೇಳಿಸಿದರು. ಆಮೇಲೆ ಅದೇ ಬಳಗದ ಇನ್ನೊಬ್ಬಳ ದನಿ ಬಂತು. ಆಲಿಸುವವಳು ಥಟ್ಟನೆ ಮತ್ತೆ ತಿರುಗಿದಳು. ಬಳಗದೊಳಗೂ ದನಿಗಳು ಬೇರೆ ಬೇರೆಯಾಗಿಯೇ ನೆನಪಿನಲ್ಲಿವೆ ಎಂದಾಯಿತು.

ಕೋತಿಗಳು ದನಿಯಿಂದ ಅಂತಸ್ತನ್ನೂ ಅಳೆಯುತ್ತವೆ. ಬೋಟ್ಸ್ವಾನಾದ ಒಕವಾಂಗೊ ಪ್ರದೇಶದ ಬಬೂನ್‌ಗಳ ಮೇಲೆ ಥೋರ್ ಬರ್ಗ್‌ಮನ್, ಜಾಸಿಂಟಾ ಬೀನರ್, ಚೆನಿ ಮತ್ತು ಸೈಫರ್ತ್ ನಡೆಸಿದ ಅಧ್ಯಯನ 2003ರಲ್ಲಿ ಬಂತು. ಅವರು ಎರಡು ಪ್ರಾಣಿಗಳ ದನಿ ಜೋಡಿಸಿ ಕಟ್ಟುಜಗಳ ಕೇಳಿಸಿದರು: ಒಂದರ ಗದರು, ಇನ್ನೊಂದರ ಕಿರುಚು. ಮೇಲಿನವಳು ಗದರಿ ಕೆಳಗಿನವಳು ಕಿರುಚಿದರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಳಗಿನವಳು ಗದರಿ ಮೇಲಿನವಳು ಕಿರುಚಿದಾಗ ಕೇಳಿದವರು ಹೆಚ್ಚು ಹೊತ್ತು ನೋಡಿದರು. ಅದರಲ್ಲೂ ಆ ಇಬ್ಬರು ಬೇರೆ ಬೇರೆ ಕುಟುಂಬದವರಾಗಿದ್ದರೆ ಇನ್ನೂ ಹೆಚ್ಚು. ಅಕ್ಕತಂಗಿಯರ ನಡುವೆ ಮೇಲುಕೆಳಗಾದರೆ ಅದು ಮನೆಯೊಳಗಿನ ಮಾತು. ಕುಟುಂಬಗಳ ನಡುವೆ ಆದರೆ ಇಡೀ ಗುಂಪಿನ ಲೆಕ್ಕ ಬದಲಾಗುತ್ತದೆ. ಎರಡು ದನಿ ಕೇಳಿದ ಕೂಡಲೇ ಬಬೂನ್ ಇಷ್ಟನ್ನೂ ಲೆಕ್ಕ ಹಾಕುತ್ತದೆ.

ನೆರೆಯವರು, ಹೊರಗಿನವರು, ಹಳಬರು

ಗುಂಪಿನಾಚೆಗಿನ ದನಿಗಳೆಲ್ಲ ಒಂದೇ ಬಗೆಯ ಅಪರಿಚಿತವಲ್ಲ. ಪಕ್ಕದ ಕಾಡಿನ ಗುಂಪು ದಿನವೂ ಕೂಗುವುದರಿಂದ ಅದರ ದನಿ ಕಿವಿಗೆ ಬಿದ್ದೇ ಇರುತ್ತದೆ. 1982ರಲ್ಲಿ ಚೆನಿ ಮತ್ತು ಸೈಫರ್ತ್, ನೆರೆಗುಂಪು ಕಂಡಾಗ ವರ್ವೆಟ್‌ಗಳು ಹಾಕುವ ಕೂಗನ್ನು ಎರಡು ದಿಕ್ಕಿನಿಂದ ಕೇಳಿಸಿದರು. ಕೂಗಿದವರ ಗುಂಪಿನ ಸ್ವಂತ ಜಾಗದ ಕಡೆಯಿಂದ ಬಂದಾಗ ಕೇಳುಗರು ಅಷ್ಟಾಗಿ ಗಮನಿಸಲಿಲ್ಲ. ಅದೇ ದನಿ ಇನ್ನೊಂದು ಗುಂಪಿನ ಜಾಗದಿಂದ ಬಂದಾಗ ಹೆಚ್ಚು ಹೊತ್ತು ದಿಟ್ಟಿಸಿದರು. ಪಡುವಲ ಮನೆಯವನ ದನಿ ಮೂಡಲ ಮನೆಯಿಂದ ಕೇಳಿಬಂದರೆ ಊರಿನವರು ಕಿವಿ ನಿಮಿರಿಸುವುದಿಲ್ಲವೇ? ನೆರೆಯವರ ದನಿ ನೆನಪಿನಲ್ಲಿ ಒಂದು ಜಾಗದ ಜೊತೆ ಅಂಟಿಕೊಂಡಿರುತ್ತದೆ.

ಪರಿಚಯ ಹಳತಾದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಫ್ರಿಕದ ಕ್ಯಾಂಪ್‌ಬೆಲ್ ಕೋತಿಗಳು ಉತ್ತರ ಕೊಟ್ಟವು. ಈ ಜಾತಿಯ ಹೆಣ್ಣುಗಳ ಸಂಪರ್ಕದ ಕೂಗು ವರ್ಷಗಳು ಕಳೆದಂತೆ ಬದಲಾಗುತ್ತದೆ. ಜೊತೆಯಲ್ಲಿರುವವರು ಒಬ್ಬರ ಕೂಗಿಗೆ ಇನ್ನೊಬ್ಬರು ತಮ್ಮ ಕೂಗನ್ನು ಹೊಂದಿಸಿಕೊಳ್ಳುತ್ತಾರೆ. ಫ್ರಾನ್ಸಿನಲ್ಲಿ ಸಾಕಿದ ಗುಂಪೊಂದಕ್ಕೆ ಆಲ್ಬನ್ ಲೆಮಾಸೊಂ ಮತ್ತು ಸಂಗಡಿಗರು ಮೂರು ಬಗೆಯ ಕೂಗು ಕೇಳಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ಗುಂಪಿನ ಕೂಗಿಗೆ ಕೋತಿಗಳು ಮರುದನಿ ಕೊಟ್ಟವು. ಹೊರಗಿನವರ ಕೂಗಿಗೆ ಪ್ರತಿಕ್ರಿಯೆಯೇ ಇಲ್ಲ. ನಾಲ್ಕು ವರ್ಷ ಹಿಂದೆ ಗುಂಪಿನಲ್ಲಿ ಬಳಸಿ ಈಗ ಬಿಟ್ಟಿದ್ದ ಕೂಗು ಕೇಳಿದಾಗ ಮಾತ್ರ ಎಲ್ಲವೂ ಬಹಳ ಹೊತ್ತು ಗಪ್‌ಚಿಪ್ ಆದವು. ಹಳೆಯ ದನಿ ಮರೆತಿರಲಿಲ್ಲ, ಆದರೆ ಈಗಿನದೆಂದೂ ಒಪ್ಪಲಿಲ್ಲ. ಪರಿಚಿತ, ಅಪರಿಚಿತ ಎಂಬ ಎರಡು ಡಬ್ಬಿಗಳಲ್ಲಿ ಹಿಡಿಯದ ಮೂರನೆಯದೊಂದು ಇದೆ ಎಂದು ಆ ಮೌನ ತೋರಿಸಿತು.

ದಕ್ಷಿಣ ಅಮೆರಿಕ ಮೂಲದ ಪುಟ್ಟ ಮಾರ್ಮೊಸೆಟ್ ಕೋತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಡೇವಿಡ್ ಓಮರ್ ಅವರ ತಂಡ 2024ರಲ್ಲಿ ತಿಳಿಸಿದಂತೆ, ಇವು ಮರೆಯಲ್ಲಿರುವ ಸಂಗಾತಿಯನ್ನು ಕರೆಯುವಾಗ ಯಾರನ್ನು ಕರೆಯುತ್ತಿವೆಯೋ ಅವರಿಗೆ ತಕ್ಕಂತೆ ಕೂಗನ್ನು ಸಣ್ಣಗೆ ಬದಲಿಸುತ್ತವೆ. ತನ್ನನ್ನು ಕರೆದ ಕೂಗಿಗೆ ಆ ಸಂಗಾತಿ ಹೆಚ್ಚು ಸರಿಯಾಗಿ ಓಗೊಡುತ್ತದೆ. ಒಂದೇ ಕುಟುಂಬದವು ಒಂದು ಪ್ರಾಣಿಗೆ ಹತ್ತಿರ ಹತ್ತಿರದ ಕೂಗನ್ನೇ ಬಳಸುತ್ತವೆ. ಕೂಗಿದ್ದು ಯಾರು ಎಂಬುದರ ಜೊತೆಗೆ ಕೂಗಿದ್ದು ಯಾರನ್ನು ಎಂಬುದೂ ದನಿಯಲ್ಲಿ ಸೇರಿದೆ.

ಬೇರೆ ಜಾತಿಯ ದನಿ

ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಹೋದರೆ ಬಾನೆಟ್ ಮಕಾಕ್‌ಗಳು ಚಾಮುಂಡಿ ಬೆಟ್ಟದಲ್ಲಿಲ್ಲದಷ್ಟು ಬಗೆಯ ನೆರೆಹೊರೆಯ ನಡುವೆ ಬದುಕುತ್ತವೆ. ಅಲ್ಲಿ ಮುಸುವ ಇದೆ, ಕಡವೆ ಇದೆ, ಜಿಂಕೆ ಇದೆ. ಇವೆಲ್ಲಕ್ಕೂ ಹಗೆಗಳು ಒಂದೇ, ಚಿರತೆ ಮತ್ತು ಹುಲಿ. ಮರದ ತುದಿಯಲ್ಲಿ ಕುಳಿತ ಮುಸುವ ಚಿರತೆಯನ್ನು ಮೊದಲು ಕಂಡು ಕೆಮ್ಮಿದಂತೆ ಕೂಗುತ್ತದೆ. ಕಡವೆ ನೆಲದಿಂದ ‘ಢಾಂಕ್’ ಎನ್ನುತ್ತದೆ. ಕಾಡಿನ ಕಾವಲುಗಾರರು ಹುಲಿ ಇರುವ ಜಾಗ ತಿಳಿಯುವುದು ಈ ಕೂಗುಗಳಿಂದಲೇ. ಕೋತಿಗಳೂ ಹಾಗೆಯೇ ತಿಳಿಯುತ್ತವೆ.

ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದ ಕಾಡುಗಳಲ್ಲಿ ಬಾನೆಟ್ ಮಕಾಕ್‌ಗಳಿಗೆ ಮುಸುವ ಮತ್ತು ಕಡವೆಗಳ ಎಚ್ಚರಿಕೆಯ ಕೂಗು ಕೇಳಿಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ತಮ್ಮ ಜಾತಿಯದಲ್ಲದ ಈ ದನಿಗಳಿಗೂ ಕೋತಿಗಳು ಬೆದರಿ ಓಡಿದವು. ಕಾಸ್, ಬ್ರೆಂಡಾ ಮಕೋವನ್ ಮತ್ತು ರಾಮಕೃಷ್ಣನ್ 2007ರಲ್ಲಿ ಬಾನೆಟ್ ಮಕಾಕ್‌ಗಳ ಸ್ವಂತ ಕೂಗನ್ನೂ ಪರೀಕ್ಷಿಸಿದರು. ಕೃತಕ ಹೆಬ್ಬಾವು ಕಂಡಾಗಿನ ಕೂಗಿಗೂ ಕೃತಕ ಚಿರತೆ ಕಂಡಾಗಿನ ಕೂಗಿಗೂ ನಾದದಲ್ಲಿ ವ್ಯತ್ಯಾಸವಿತ್ತು.

ಬೇರೆ ಜಾತಿಯ ದನಿಯಲ್ಲಿ ಕೋತಿಗೆ ಬೇಕಾಗಿರುವುದು ಆಳಿನ ಗುರುತಲ್ಲ. ಯಾವ ಕಡವೆ ಕೂಗಿತು ಎಂಬುದು ಅದಕ್ಕೆ ಬೇಡ, ಕಡವೆ ಕೂಗಿತು ಎಂಬುದು ಸಾಕು. ಎಷ್ಟು ಬಿಡಿಸಿ ಗುರುತಿಸಬೇಕು ಎಂಬುದು ಆ ದನಿಯಿಂದ ಬದುಕಿಗೆ ಎಷ್ಟು ಪ್ರಯೋಜನ ಎಂಬುದರ ಮೇಲೆ ನಿಂತಿದೆ.

ಮನುಷ್ಯರ ದನಿ, ಮುಖ

ಮನುಷ್ಯರ ನಡುವೆ ಬದುಕುವ ಕೋತಿಗೆ ಮನುಷ್ಯರೂ ಒಂದು ಮುಖ್ಯ ಪ್ರಾಣಿ. ಸಾಕಿದ ರೀಸಸ್ ಕೋತಿಗಳ ಮೇಲೆ ಫ್ರಾನ್ಸಿನ ಜೂಲಿಯಾ ಸ್ಲಿವಾ ಮತ್ತು ಸಂಗಡಿಗರು 2011ರಲ್ಲಿ ಒಂದು ಸರಳ ಪರೀಕ್ಷೆ ನಡೆಸಿದರು. ಒಂದು ದನಿ ಕೇಳಿಸಿ, ಆಮೇಲೆ ಎರಡು ಮುಖಗಳ ಚಿತ್ರ ತೋರಿಸಿದರು. ಯಾವ ತರಬೇತಿಯೂ ಇಲ್ಲದೆ ಕೋತಿಗಳು ದನಿಗೂ ಮುಖಕ್ಕೂ ಹೊಂದಿಕೆ ಹುಡುಕಿದವು. ಜೊತೆಯಲ್ಲಿ ಬದುಕಿದ ಕೋತಿಗಳ ವಿಷಯದಲ್ಲಿ ಹೀಗಾಗುವುದು ಸಹಜ. ಆದರೆ ತಮ್ಮನ್ನು ದಿನವೂ ನೋಡಿಕೊಳ್ಳುವ ಮನುಷ್ಯರ ವಿಷಯದಲ್ಲೂ ಹೀಗೆಯೇ ಆಯಿತು. ಅದೇ ವರ್ಷ ಇಕುಮಾ ಅದಾಚಿ ಮತ್ತು ರಾಬರ್ಟ್ ಹ್ಯಾಂಪ್ಟನ್ ಕೂಡ, ಪರಿಚಿತ ಕೋತಿಯ ದನಿ ಕೇಳಿದರೆ ಅದರ ಮುಖ ರೀಸಸ್ ಕೋತಿಯ ಮನಸ್ಸಿಗೆ ಬರುತ್ತದೆ ಎಂಬುದಕ್ಕೆ ಪ್ರಮಾಣ ಕೊಟ್ಟರು. ಕೋತಿಯ ನೆನಪಿನಲ್ಲಿ ದನಿ ಬೇರೆ ಮುಖ ಬೇರೆ ಆಗಿ ಉಳಿಯದೆ ಎರಡೂ ಸೇರಿ ಒಂದು ‘ಆಳು’ ಆಗಿರುತ್ತದೆ.

ಮನುಷ್ಯರ ಕಡೆಗೆ ದನಿಯನ್ನು ತಿರುಗಿಸುವುದನ್ನೂ ಬಾನೆಟ್ ಮಕಾಕ್‌ಗಳು ಕಲಿತಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ, ಅದ್ವೈತ್ ದೇಶಪಾಂಡೆ ಮತ್ತು ಶ್ರೀಜಾತಾ ಗುಪ್ತಾ ಬಂಡೀಪುರದಲ್ಲಿ ಗಮನಿಸಿ 2018ರಲ್ಲಿ ಪ್ರಕಟಿಸಿದ ವರದಿ ಇದಕ್ಕೆ ಸಾಕ್ಷಿ. ತಿಂಡಿ ಹಿಡಿದ ಪ್ರವಾಸಿಯ ಎದುರಿಗೆ ಕೋತಿ ಬಂದು ಕೂರುತ್ತದೆ. ಮುಖ ನೋಡಿ ‘ಕೂ’ ಎನ್ನುತ್ತದೆ, ಕೈ ಚಾಚುತ್ತದೆ. ತಿಂಡಿ ಸಿಕ್ಕಿತೆಂದರೆ ಕೂಗೂ ನಿಂತಿತು, ಕೈಯೂ ಮಡಿಸಿತು. ಕಾಡಿನಲ್ಲಿ ತಮ್ಮವರನ್ನು ಕರೆಯುವ ದನಿಯೇ ರಸ್ತೆಬದಿಯಲ್ಲಿ ಮನುಷ್ಯರನ್ನು ಬೇಡುವ ದನಿಯಾಗಿದೆ. ಕೂಗು ಹೊಸದಲ್ಲ, ಅದರ ಬಳಕೆ ಹೊಸದು.

ಮಿದುಳಿನಲ್ಲಿ ದನಿಯ ಜಾಗ

ಮನುಷ್ಯರ ಮಿದುಳಿನಲ್ಲಿ ಕಿವಿಯ ಮೇಲ್ಭಾಗಕ್ಕೆ ಬರುವ ಹಾಲೆಯಲ್ಲಿ ಬೇರೆ ಸದ್ದುಗಳಿಗಿಂತ ಮನುಷ್ಯರ ದನಿಗೆ ಹೆಚ್ಚು ಚುರುಕಾಗುವ ಜಾಗಗಳಿವೆ ಎಂದು ಪಾಸ್ಕಲ್ ಬೆಲಿನ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದ್ದರು. ಎಂಟು ವರ್ಷದ ನಂತರ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಕ್ರಿಸ್ಟೊಫರ್ ಪೆಟ್ಕೊವ್ ಮತ್ತು ಸಂಗಡಿಗರು ಮಕಾಕ್ ಮಿದುಳಿನಲ್ಲೂ ಅಂಥ ಜಾಗ ಕಂಡುಕೊಂಡರು. ಆ ಜಾಗ ಬೇರೆ ಪ್ರಾಣಿಗಳ ಕೂಗಿಗಿಂತ, ಪ್ರಕೃತಿಯ ಸದ್ದುಗಳಿಗಿಂತ ಮಕಾಕ್‌ಗಳ ದನಿಗೆ ಹೆಚ್ಚು ಸ್ಪಂದಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದೇ ಬಗೆಯ ಕೂಗನ್ನು ಬೇರೆ ಬೇರೆ ಪ್ರಾಣಿಗಳು ಕೂಗಿದಾಗ ಆ ವ್ಯತ್ಯಾಸವನ್ನೂ ಹಿಡಿಯುತ್ತದೆ. ಏನು ಕೂಗಿದರು ಎಂಬುದರಿಂದ ಯಾರು ಕೂಗಿದರು ಎಂಬುದನ್ನು ಬೇರ್ಪಡಿಸುವ ಕೆಲಸ ಅಲ್ಲಿ ನಡೆಯುತ್ತದೆ.

ಮಕಾಕ್‌ಗಳ ಪೂರ್ವಜರೂ ಮನುಷ್ಯರ ಪೂರ್ವಜರೂ ಬೇರೆಯಾಗಿ ಸುಮಾರು 2.5 ಕೋಟಿ ವರ್ಷಗಳಾಗಿವೆ. ಮನುಷ್ಯರು ಮಾತನಾಡತೊಡಗಿದ್ದು ಬಹಳ ಈಚೆಗೆ. ಆದ್ದರಿಂದ ದೂರವಾಣಿಯಲ್ಲಿ ಒಂದು ‘ಹಲೋ’ ಕೇಳಿದೊಡನೆ ಅತ್ತಲಿನವರು ಯಾರೆಂದು ತಿಳಿಯುವ ಶಕ್ತಿ ಮಾತಿಗಿಂತ ಎಷ್ಟೋ ಹಳೆಯದು. ಮಾತು ಹುಟ್ಟುವ ಹೊತ್ತಿಗೆ ದನಿಯಿಂದ ಆಳನ್ನು ಬಲ್ಲ ಕಿವಿ ಸಿದ್ಧವಾಗಿತ್ತು.

ಗುಂಪು ಒಡೆದಾಗ

ಈ ಗುರುತು ಹುಟ್ಟಿನಿಂದ ತುಂಬಿಬಂದ ಸಂಪತ್ತಲ್ಲ. ದನಿಯಿಂದ ಆಳನ್ನು ಗುರುತಿಸುವ ಶಕ್ತಿ ಹುಟ್ಟಿನಿಂದ ಬರಬಹುದು, ಆದರೆ ಯಾವ ದನಿ ಯಾರದು ಎಂಬುದನ್ನು ಜೊತೆಯಲ್ಲಿ ಬದುಕಿಯೇ ಕಲಿಯಬೇಕು. ತಾಯಿ, ಬಳಗ, ನೆರೆಗುಂಪು, ಆ ಗುಂಪಿನ ಜಾಗ, ಇವೆಲ್ಲ ಒಂದು ಮರದಲ್ಲಿ, ಒಂದು ಬೆಟ್ಟದಲ್ಲಿ ವರ್ಷಗಟ್ಟಲೆ ಇದ್ದು ಕಲಿತ ಪಾಠ.

ಆ ಮರ, ಆ ಬೆಟ್ಟ ಈಗ ಕಡಿಮೆಯಾಗುತ್ತಿವೆ. ಬಾನೆಟ್ ಮಕಾಕ್ ದಟ್ಟ ಕಾಡಿನ ಪ್ರಾಣಿಯಲ್ಲ. ಅದರ ಹಳೆಯ ನೆಲೆಗಳು ದೇವಸ್ಥಾನಗಳು, ಪ್ರವಾಸಿ ತಾಣಗಳು, ಆಲ, ಅರಳಿ, ಬಸರಿ, ಅತ್ತಿಯ ಸಾಲುಮರಗಳಿರುವ ರಸ್ತೆಬದಿಗಳು ಮತ್ತು ಹೊಲಗದ್ದೆಗಳ ಅಂಚು. ಮೇವಾ ಸಿಂಗ್ ಅವರೂ ಇದ್ದ ತಂಡವೊಂದು 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನೋಡಿದ ದೇವಸ್ಥಾನ ಮತ್ತು ಪ್ರವಾಸಿ ತಾಣಗಳ ಪೈಕಿ ಶೇ 48.5ರಲ್ಲಿ ಕೋತಿಗಳು ಇಲ್ಲವಾಗಿದ್ದವು. 25 ವರ್ಷಗಳಲ್ಲಿ ರಸ್ತೆಬದಿಯ ಕೋತಿಗಳ ಸಂಖ್ಯೆ ಶೇ 65ಕ್ಕಿಂತ ಹೆಚ್ಚು ಕುಸಿದಿತ್ತು. ಉತ್ತರದ ರೀಸಸ್ ಕೋತಿ ದಕ್ಷಿಣಕ್ಕೆ ಹರಡುತ್ತಿರುವುದೂ ಇನ್ನೊಂದು ಒತ್ತಡ. ಒಂದು ಕಾಲಕ್ಕೆ ಚಿಂತೆ ಬೇಡವೆಂದು ಎಣಿಸಿದ್ದ ಈ ಜಾತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಈಗ ಅಪಾಯದ ಅಂಚಿನ ಜಾತಿಗಳಲ್ಲಿ ಸೇರಿಸಿದೆ.

ಊರಿನಲ್ಲಿ ಕಾಟ ಹೆಚ್ಚಾಯಿತೆಂದು ಕೋತಿಗಳನ್ನು ಬೋನಿಗೆ ಹಾಕಿ ದೂರದ ಕಾಡಿಗೆ ಬಿಡುವುದು ವಾಡಿಕೆಯ ಪರಿಹಾರ. ಸಿಕ್ಕಷ್ಟನ್ನು ಹಿಡಿದು, ಸಿಗದವನ್ನು ಬಿಟ್ಟು ಸಾಗಿಸಿದಾಗ ತಾಯಿಯ ಬಳಗಗಳು ಎರಡಾಗುತ್ತವೆ. ಹೊಸ ಜಾಗದಲ್ಲಿ ಇಳಿದ ಕೋತಿಗೆ ಸುತ್ತಲಿನ ಯಾವ ಕೂಗೂ ಯಾವ ಜಾಗಕ್ಕೆ ಸೇರಿದ್ದೆಂದು ತಿಳಿದಿರುವುದಿಲ್ಲ. ಯಾವ ಗುಂಪು ಗಡಿಯಲ್ಲಿ ನಿಂತು ಗದರುತ್ತಿದೆ, ಯಾವುದರಿಂದ ದೂರವಿರಬೇಕು ಎಂಬುದನ್ನು ಮೊದಲಿನಿಂದ ಕಲಿಯಬೇಕು. ಹಿಂದೆ ಉಳಿದವುಗಳ ‘ಕೂ’ ದನಿಗೆ ಓಗೊಡುತ್ತಿದ್ದ ಕೆಲವು ದನಿಗಳು ಇಲ್ಲವಾಗಿರುತ್ತವೆ. ಕೋತಿಯ ಗುಂಪನ್ನು ತಲೆ ಎಣಿಸಿ ಅಳೆಯುವವರಿಗೆ ಈ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ.

ಕೋತಿಗಳು ದನಿ ಗುರುತಿಸುವುದನ್ನು ಕಾಣಲು ಧ್ವನಿವರ್ಧಕವಾಗಲಿ ಸ್ಪೆಕ್ಟ್ರೊಗ್ರಾಮ್ ಆಗಲಿ ಬೇಕಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲ ಬದಿಯಲ್ಲಿ ಬೆಳಗಿನ ಹೊತ್ತು, ಜನ ಹೆಚ್ಚುವ ಮೊದಲು, ಕೈಯಲ್ಲಿ ತಿಂಡಿಯಿಲ್ಲದೆ ಸ್ವಲ್ಪ ದೂರದಲ್ಲಿ ಕುಳಿತು ಗಮನಿಸಿದರೆ ಸಾಕು. ಬಂಡೆಯ ಹಿಂದಿನಿಂದ ಮರಿಯೊಂದು ಕಿರುಚಿದಾಗ ಎಷ್ಟು ತಲೆ ತಿರುಗಿದವು, ಯಾವುದು ಎದ್ದು ಹೋಯಿತು, ಉಳಿದವು ಬಂಡೆಯ ಕಡೆ ನೋಡಿದವೋ ಎದ್ದು ಹೋದವಳ ಕಡೆ ನೋಡಿದವೋ ಎಂದು ಎಣಿಸಬೇಕು. ಚೆನಿ ಮತ್ತು ಸೈಫರ್ತ್ ಅಂಬೊಸೆಲಿಯಲ್ಲಿ ಎಣಿಸಿದ್ದೂ ಇದನ್ನೇ.